ಕತ್ತಿಯ ಬಾಯಿಯೂ ತುಕ್ಕಿನ ಗುಳಿಯೂ

ಮನುಷ್ಯನು ದಿನನಿತ್ಯ ಬಳಸುವ ಹತಾರಗಳಲ್ಲಿ ಕ್ಷೌರದ ಕತ್ತಿಗೆ ಒಂದು ವಿಶೇಷ ಸ್ಥಾನವುಂಟು. ಕೊಡಲಿ ಮರವನ್ನು ಕಡಿಯುತ್ತದೆ, ಕುಡುಗೋಲು ಪೈರನ್ನು ಕೊಯ್ಯುತ್ತದೆ, ಈಳಿಗೆಮಣೆ ತರಕಾರಿಯನ್ನು ಹೆಚ್ಚುತ್ತದೆ. ಇವುಗಳ ಬಾಯಿ ತುಸು ಮೊಂಡಾದರೆ ಕೆಲಸ ನಿಧಾನವಾದೀತು. ಅದಕ್ಕಿಂತ ಹೆಚ್ಚಿನ ಕೇಡಿಲ್ಲ. ಕ್ಷೌರದ ಕತ್ತಿಯಾದರೋ ಜೀವಂತ ಮನುಷ್ಯನ ಕೊರಳ ಮೇಲೆ ಓಡಾಡುವಂಥದು. ಅದು ಕೂದಲನ್ನು ಬುಡದಲ್ಲಿಯೇ ಕತ್ತರಿಸಬೇಕು. ಆ ಬುಡವನ್ನು ಹಿಡಿದಿರುವ ಚರ್ಮವನ್ನು ಮಾತ್ರ ನೋಯಿಸಬಾರದು. ಇಷ್ಟು ಸೂಕ್ಷ್ಮವಾದ ಹೊಣೆಯನ್ನು ಹೊತ್ತ ಉಕ್ಕಿಗೆ ತುಕ್ಕು ಹಿಡಿದರೆ ಏನು ಮಾಡಬೇಕು? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಅದಕ್ಕೆ ಉತ್ತರ ಹೇಳುವಾಗ ಅವಸರಪಟ್ಟವರು ಎಷ್ಟೋ ಒಳ್ಳೆಯ ಕತ್ತಿಗಳನ್ನು ಹಾಳುಗೆಡವಿದ್ದಾರೆ.

ಮಡಚುವ ಹಿಡಿಯುಳ್ಳ, ಉದ್ದನೆಯ ಅಲಗಿನ ಈ ಕತ್ತಿಯ ಬಳಕೆ ಈಗ ಬಹಳ ಕಡಿಮೆಯಾಗಿದೆ. ಅಮೆರಿಕದ ಕಿಂಗ್ ಜಿಲೆಟ್ ಎಂಬಾತನು ಬಳಸಿ ಎಸೆಯುವ ತೆಳು ಬ್ಲೇಡಿನ ರೇಜರನ್ನು 1903ರಲ್ಲಿ ಮಾರುಕಟ್ಟೆಗೆ ತಂದನು. 1904ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಅಲ್ಲಿಂದ ಮುಂದೆ ಮಸೆಯುವ ಕತ್ತಿ ಮನೆಗಳಿಂದ ಮೆಲ್ಲನೆ ಮರೆಯಾಯಿತು. ಒಬ್ಬರ ರಕ್ತದ ಸೋಂಕು ಇನ್ನೊಬ್ಬರಿಗೆ ತಗಲಬಾರದೆಂಬ ಎಚ್ಚರಿಕೆಯಿಂದ ಕ್ಷೌರದಂಗಡಿಗಳಲ್ಲಿಯೂ ಇಂದು ಪ್ರತಿಯೊಬ್ಬರಿಗೂ ಹೊಸ ಬ್ಲೇಡನ್ನು ಹಾಕುವುದು ರೂಢಿಗೆ ಬಂದಿದೆ; ಅದು ಸರಿಯಾದ ರೂಢಿಯೇ ಆಗಿದೆ. ಆದರೂ ಹಳೆಯ ಕತ್ತಿಗಳು ನಾಶವಾಗಿಲ್ಲ. ತಾತನ ಪೆಟ್ಟಿಗೆಯ ತಳದಲ್ಲಿ, ಗುಜರಿಯ ರಾಶಿಯಲ್ಲಿ, ಅಟ್ಟದ ಮೇಲಿನ ಡಬ್ಬಿಯಲ್ಲಿ ಅವು ಇನ್ನೂ ದೊರೆಯುತ್ತವೆ. ಸ್ವಂತಕ್ಕೆಂದು ಅವನ್ನು ಮಸೆದು ಬಳಸುವ ಹವ್ಯಾಸಿಗಳು ದೇಶವಿದೇಶಗಳಲ್ಲಿ ಇದ್ದಾರೆ. ಹೀಗೆ ದೊರೆತ ಕತ್ತಿಗಳಲ್ಲಿ ತುಕ್ಕು ಸೋಂಕದವು ಅಪರೂಪ.

ಅಂಥ ಕತ್ತಿ ಕೈಗೆ ಬಂದಾಗ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ತುಕ್ಕು ಹಿಡಿದ ಕತ್ತಿ ಸತ್ತ ಕತ್ತಿ, ಅದನ್ನು ಎಸೆಯುವುದೇ ಲೇಸು ಎಂಬುದು ಒಂದು. ಒಂದು ಚುಕ್ಕೆಯೂ ಉಳಿಯದಂತೆ ಉಜ್ಜಿ, ಕನ್ನಡಿಯಂತೆ ಹೊಳೆಯಿಸಿದ ಮೇಲೆಯೇ ಅದು ಬಳಕೆಗೆ ಯೋಗ್ಯ ಎಂಬುದು ಇನ್ನೊಂದು. ಮೊದಲನೆಯವರು ಕತ್ತಿಯನ್ನು ಒಂದೇ ಏಟಿಗೆ ಕಳೆದುಕೊಳ್ಳುತ್ತಾರೆ. ಎರಡನೆಯವರು ಅದನ್ನು ಪುಡಿಪುಡಿಯಾಗಿ ಕಳೆದುಕೊಳ್ಳುತ್ತಾರೆ. ತುಕ್ಕು ಎಲ್ಲಿದೆ, ಎಷ್ಟು ಆಳವಿದೆ, ಅದು ಕತ್ತಿಯ ಕೆಲಸಕ್ಕೆ ಅಡ್ಡಬರುತ್ತದೆಯೇ ಎಂಬುದನ್ನು ಕೇಳದೆ ಕೈಗೊಳ್ಳುವ ಯಾವ ಕ್ರಮವೂ ಸರಿಯಲ್ಲ. ಕತ್ತಿಯ ಬಾಯಿಗೆ ಬಂದ ಗುಳಿಯನ್ನು ಬಿಡಬಾರದು. ಬಾಯಿಗೆ ಬಾರದ ಗುಳಿಯ ಗೊಡವೆಗೆ ಹೋಗಬಾರದು. ಮಸೆಯುವವನು ಮೊದಲು ಕಲಿಯಬೇಕಾದ ವಿವೇಕ ಇದೇ.

ಇದನ್ನು ಸರಿಯಾಗಿ ತಿಳಿಯಬೇಕಾದರೆ ಆ ಉಕ್ಕಿನ ಸ್ವಭಾವವನ್ನು ಅರಿಯಬೇಕು. ಹಳೆಯ ಕ್ಷೌರದ ಕತ್ತಿಗಳಲ್ಲಿ ಬಹುಪಾಲು ಇಂಗ್ಲೆಂಡಿನ ಶೆಫೀಲ್ಡ್ ಹಾಗೂ ಜರ್ಮನಿಯ ಜೋಲಿಂಗನ್ ನಗರಗಳಲ್ಲಿ ತಯಾರಾದಂಥವು. ಅವುಗಳ ಉಕ್ಕಿನಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸಿನಷ್ಟು ಇಂಗಾಲವಿರುತ್ತದೆ. ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದಾಗ ಆ ಉಕ್ಕು ಗಾಜಿನಷ್ಟು ಗಡುಸಾಗುತ್ತದೆ. ಬಳಿಕ ಹಿತವಾದ ಶಾಖಕ್ಕೆ ಒಡ್ಡಿ ಅದರ ಪೆಡಸನ್ನು ತಗ್ಗಿಸುತ್ತಾರೆ. ಈ ಹದದಿಂದಲೇ ಅತಿ ತೆಳುವಾದ ಬಾಯಿ ಮುರಿಯದೆ, ಮಡಚದೆ ನಿಲ್ಲುತ್ತದೆ.

ಈ ಉಕ್ಕಿನ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲು ಇದೆ. ದಕ್ಷಿಣ ಭಾರತದ ಕುಲುಮೆಗಳಲ್ಲಿ ಮಣ್ಣಿನ ಮೂಸೆಗಳೊಳಗೆ ಕರಗಿಸಿ ತೆಗೆಯುತ್ತಿದ್ದ ಉಕ್ಕು ಯೂರೋಪಿನಲ್ಲಿ 'ವೂಟ್ಸ್' ಎಂದು ಹೆಸರಾಯಿತು. ಕನ್ನಡದ 'ಉಕ್ಕು' ಎಂಬ ಮಾತೇ ಹಾಗೆ ರೂಪಾಂತರಗೊಂಡಿತೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. 1800 ಹಾಗೂ 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣ ಉಕ್ಕುಗಳನ್ನು ತಯಾರಿಸುವ ಕ್ರಮವನ್ನು ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. ಲಂಡನ್ನಿನ ಜೇಮ್ಸ್ ಸ್ಟೊಡಾರ್ಟ್ ಎಂಬ ಕುಶಲಿ ಭಾರತದ ಈ ಉಕ್ಕಿನಿಂದ ಕ್ಷೌರದ ಕತ್ತಿಗಳನ್ನೂ ಶಸ್ತ್ರವೈದ್ಯರ ಸಲಕರಣೆಗಳನ್ನೂ ಮಾಡಿ, ಅದನ್ನು ಮನಸಾರೆ ಮೆಚ್ಚಿಕೊಂಡಿದ್ದನು. ಮುಂದೆ ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ಪ್ರಸಿದ್ಧನಾದ ಮೈಕೆಲ್ ಫ್ಯಾರಡೆ ಇದೇ ಸ್ಟೊಡಾರ್ಟನೊಡನೆ ಸೇರಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಯೋಗಗಳನ್ನು ನಡೆಸಿ, 1820 ಮತ್ತು 1822ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದನು. ಕತ್ತರಿಸುವ ಹತಾರಗಳಿಗೆ ಇನ್ನೂ ಉತ್ತಮವಾದ ಉಕ್ಕು ದೊರೆಯುವುದೇ, ತುಕ್ಕಿಗೆ ಸುಲಭವಾಗಿ ಬಲಿಯಾಗದ ಉಕ್ಕು ಸಾಧ್ಯವೇ ಎಂಬ ಎರಡೂ ಪ್ರಶ್ನೆಗಳು ಅವರ ಮುಂದಿದ್ದವು. ಎರಡನೆಯ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆಯಲು ಸುಮಾರು ಒಂದು ಶತಮಾನವೇ ಬೇಕಾಯಿತು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿದ ಸ್ಟೇನ್‌ಲೆಸ್ ಉಕ್ಕನ್ನು ತಯಾರಿಸಿದನು. ಅದಕ್ಕೆ ಹಿಂದಿನ ಕತ್ತಿಗಳಿಗೂ, ಆಮೇಲೆ ಹಳೆಯ ಪದ್ಧತಿಯಲ್ಲಿಯೇ ಮಾಡಿದ ಕತ್ತಿಗಳಿಗೂ ತುಕ್ಕಿನಿಂದ ಮುಕ್ತಿಯಿಲ್ಲ. ಒಳ್ಳೆಯ ಬಾಯಿಯನ್ನು ಕೊಡುವ ಇಂಗಾಲದ ಉಕ್ಕೇ ತುಕ್ಕಿಗೂ ಸುಲಭದ ತುತ್ತು.

ತುಕ್ಕು ಹಿಡಿಯುವ ಬಗೆ ಹೀಗಿದೆ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ - ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ಕ್ಷೌರದ ಕತ್ತಿಗೆ ಇವಾವುದಕ್ಕೂ ಕೊರತೆಯಿಲ್ಲ. ಬಿಸಿನೀರು, ಸಾಬೂನಿನ ನೊರೆ, ಚರ್ಮದ ಬೆವರು - ಇವೆಲ್ಲ ಅದಕ್ಕೆ ದಿನವೂ ಅಂಟುತ್ತವೆ. ಮೇಲ್ಮೈ ಮೇಲೆ ಸಮನಾಗಿ ಹರಡಿದ ತೆಳು ತುಕ್ಕು ಅಷ್ಟು ಅಪಾಯಕಾರಿಯಲ್ಲ, ಒರೆಸಿದರೆ ಹೋಗುತ್ತದೆ. ಅಪಾಯವಿರುವುದು ಒಂದೇ ಬಿಂದುವಿನಲ್ಲಿ ನೆಲೆಯೂರುವ ತುಕ್ಕಿನಲ್ಲಿ. ಅಲ್ಲಿ ಉಕ್ಕು ಕರಗಿ ಸಣ್ಣ ಗುಳಿಯಾಗುತ್ತದೆ. ಗುಳಿಯ ಮೇಲೆ ತುಕ್ಕಿನ ಮುಚ್ಚಳ ಕಟ್ಟಿಕೊಂಡು ಒಳಗಿನ ತೇವ ಆರುವುದಿಲ್ಲ. ಉಪ್ಪಿನಂಶ ಒಳಗೆ ಸೇರಿ, ಅಲ್ಲಿನ ತೇವ ಕ್ರಮೇಣ ಹುಳಿಯಾಗುತ್ತದೆ. ಆ ಹುಳಿ ಮತ್ತಷ್ಟು ಉಕ್ಕನ್ನು ಕರಗಿಸುತ್ತದೆ. ಹೀಗೆ ಗುಳಿಯೇ ತನ್ನನ್ನು ತಾನು ತೋಡಿಕೊಳ್ಳುತ್ತಾ ಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಕಾಣುವ ಚುಕ್ಕೆ ಒಳಗೆ ಅದಕ್ಕಿಂತ ಅಗಲವಾಗಿಯೂ ಇರಬಹುದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ, ತುಕ್ಕಿನ ಗುಪ್ಪೆ ನೋಡಲು ದೊಡ್ಡದಾಗಿದ್ದು ಕೆಳಗಿನ ಗುಳಿ ಚಿಕ್ಕದಾಗಿರುವುದೂ ಉಂಟು. ಆದುದರಿಂದ ಒರೆಸಿ ನೋಡದೆ ತೀರ್ಪು ಕೊಡುವುದು ಸಲ್ಲದು.

ತುಕ್ಕು ಮರೆಯಾದ ಸ್ಥಳವನ್ನೇ ಹುಡುಕಿಕೊಂಡು ಹೋಗುತ್ತದೆ. ಕತ್ತಿಯನ್ನು ಒದ್ದೆಯಾಗಿಯೇ ಮಡಚಿಟ್ಟರೆ ಹಿಡಿಯ ಎರಡು ಹೋಳುಗಳ ನಡುವೆ ತೇವ ಸಿಕ್ಕಿಬೀಳುತ್ತದೆ. ಕೀಲಿನ ಸುತ್ತ ನುಗ್ಗಿದ ನೀರು ಬಹಳ ಹೊತ್ತು ಆರುವುದಿಲ್ಲ. ಹಿಡಿಯೇ ಶತ್ರುವಾಗುವ ಸಂದರ್ಭವೂ ಇದೆ. ಹಳೆಯ ಕತ್ತಿಗಳಲ್ಲಿ ಹಲವಕ್ಕೆ ಸೆಲ್ಯುಲಾಯ್ಡಿನ ಹಿಡಿಗಳಿವೆ. ಆ ವಸ್ತು ಹಳತಾಗಿ ಕೊಳೆಯತೊಡಗಿದಾಗ ಆಮ್ಲಗುಣದ ಆವಿಯನ್ನು ಬಿಡುತ್ತದೆ. ಹಿಡಿಯೊಳಗೆ ಮಡಚಿಟ್ಟ ಅಲಗು ಆ ಆವಿಗೆ ಸಿಕ್ಕಿ ತುಕ್ಕು ತಿನ್ನುತ್ತದೆ. ಇಂಥ ಕತ್ತಿಯ ಅಲಗನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ; ಹಿಡಿಯನ್ನು ಬದಲಾಯಿಸದ ಹೊರತು ರೋಗ ಮರಳಿ ಬರುತ್ತದೆ. ಕಾರಣವನ್ನು ಬಿಟ್ಟು ಕಲೆಯೊಡನೆ ಹೋರಾಡುವುದು ವ್ಯರ್ಥ.

ಕತ್ತಿಯ ಮೇಲಿನ ಎಲ್ಲ ಕಲೆಗಳೂ ಒಂದೇ ಜಾತಿಯವಲ್ಲ. ಕೆಂಪಾಗಿ, ಪುಡಿಯಾಗಿ, ಬಟ್ಟೆಗೆ ಅಂಟುವ ತುಕ್ಕು ಇನ್ನೂ ಉಕ್ಕನ್ನು ತಿನ್ನುತ್ತಿರುವ ತುಕ್ಕು. ಅದನ್ನು ತಡಮಾಡದೆ ತೆಗೆಯಬೇಕು. ಕಪ್ಪಾಗಿ, ನಯವಾಗಿ, ಬಿಗಿಯಾಗಿ ಅಂಟಿಕೊಂಡಿರುವ ಕಲೆ ಹಾಗಲ್ಲ. ಅನೇಕ ವೇಳೆ ಅದು ಒಣಗಿದ ಗಾಯದ ಗುರುತಿನಂತೆ ಸುಮ್ಮನಿರುತ್ತದೆ. ಕಬ್ಬಿಣದ ಮೇಲಿನ ಪೊರೆ ಯಾವಾಗಲೂ ಹಗೆಯಲ್ಲವೆಂಬುದಕ್ಕೆ ದೆಹಲಿಯ ಕಬ್ಬಿಣದ ಸ್ತಂಭವೇ ಸಾಕ್ಷಿ. ಸುಮಾರು 1600 ವರ್ಷಗಳಿಂದ ಬಯಲಿನಲ್ಲಿ ನಿಂತಿರುವ ಆ ಸ್ತಂಭದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದೆಯೆಂದೂ, ಅದರಿಂದ ಮೇಲ್ಮೈಯಲ್ಲಿ ಉಂಟಾದ ತೆಳುವಾದ ಪೊರೆಯೇ ಅದನ್ನು ಕಾಪಾಡುತ್ತಿದೆಯೆಂದೂ ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರು ತಮ್ಮ ಸಂಶೋಧನೆಗಳಲ್ಲಿ ವಿವರಿಸಿದ್ದಾರೆ. ಕ್ಷೌರದ ಕತ್ತಿಗೆ ಅಂಥ ಭಾಗ್ಯವಿಲ್ಲ. ಆದರೂ ಕಂಡ ಕಲೆಯನ್ನೆಲ್ಲ ಕೆರೆದು ತೆಗೆಯಬೇಕೆಂಬ ಹಟ ಸರಿಯಲ್ಲವೆಂಬ ಪಾಠ ಅದರಿಂದ ದೊರೆಯುತ್ತದೆ.

ಇನ್ನು ಕತ್ತಿಯ ಆಕಾರವನ್ನು ಗಮನಿಸಬೇಕು. ಕ್ಷೌರದ ಕತ್ತಿಗೆ ದಪ್ಪನಾದ ಬೆನ್ನು, ತೆಳುವಾದ ಬಾಯಿ. ಮಸೆಯುವಾಗ ಬೆನ್ನೂ ಬಾಯಿಯೂ ಏಕಕಾಲದಲ್ಲಿ ಕಲ್ಲನ್ನು ಮುಟ್ಟಿರಬೇಕು. ಬೆನ್ನೇ ಇಲ್ಲಿ ಅಳತೆಗೋಲು. ಕೋನವನ್ನು ಅದೇ ಕಾಯ್ದುಕೊಡುತ್ತದೆ. ಬೆನ್ನಿನ ದಪ್ಪ 5 ಮಿ.ಮೀ., ಅಲಗಿನ ಅಗಲ 18 ಮಿ.ಮೀ. ಇದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿಯಾಗುತ್ತದೆ. ಆ ಕೋನದ ಎರಡು ಇಳಿಜಾರುಗಳು ಸಂಧಿಸುವ ಗೆರೆಯೇ ಕತ್ತಿಯ ಬಾಯಿ. ಚೆನ್ನಾಗಿ ಮಸೆದ ಬಾಯಿಯ ದಪ್ಪ ಒಂದು ಮೈಕ್ರಾನಿಗಿಂತಲೂ, ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಬಾಯಿಯಿಂದ ಅರ್ಧ ಮಿ.ಮೀ. ಹಿಂದೆ ಉಕ್ಕಿನ ದಪ್ಪ ಬರಿಯ 0.14 ಮಿ.ಮೀ. ಅಲ್ಲಿ ಎರಡು ಕಡೆಯಿಂದಲೂ 0.05 ಮಿ.ಮೀ. ಆಳದ ಗುಳಿಗಳು ಎದುರುಬದುರಾಗಿ ಬಿದ್ದರೆ ನಡುವೆ ಉಳಿಯುವುದು 0.04 ಮಿ.ಮೀ. ಉಕ್ಕು ಮಾತ್ರ. ಅದೇ ಗುಳಿಗಳು ಬೆನ್ನಿನ ಬಳಿ ಇದ್ದರೆ, 5 ಮಿ.ಮೀ. ದಪ್ಪದ ಉಕ್ಕಿಗೆ ಅವು ಲೆಕ್ಕಕ್ಕೇ ಬಾರದ ಗೀರುಗಳು. ಗುಳಿ ಅದೇ, ಆಳವೂ ಅದೇ. ಸ್ಥಾನಭೇದದಿಂದ ಒಂದು ಮಾರಕ, ಇನ್ನೊಂದು ನಿರುಪದ್ರವಿ.

ಬಾಯಿಗೆ ಬಂದ ಗುಳಿ ಏಕೆ ಮಾರಕವೆಂಬುದು ಈಗ ಸ್ಪಷ್ಟ. ಗೆರೆಯೊಂದು ಗುಳಿಯನ್ನು ಹಾಯ್ದು ಹೋದರೆ ಅಲ್ಲಿ ಗೆರೆ ಕಡಿಯುತ್ತದೆ. ಬಾಯಿ ಹರಿದು ಹಲ್ಲುಹಲ್ಲಾಗುತ್ತದೆ. ಅಂಥ ಬಾಯಿ ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತದೆ, ಚರ್ಮವನ್ನು ಗೀರುತ್ತದೆ. ಮೇಲಾಗಿ, ಒಮ್ಮೆ ಮುರಿದ ಬಾಯಿ ಮತ್ತೆ ಮತ್ತೆ ಮುರಿಯುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಬಳಸಿ ಎಸೆಯುವ ರೇಜರಿನ ಬ್ಲೇಡುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯತಕ್ಕದ್ದು. ಉಕ್ಕಿಗಿಂತ ಸುಮಾರು 50 ಪಟ್ಟು ಮೃದುವಾದ ಕೂದಲು ಉಕ್ಕಿನ ಬಾಯನ್ನು ಹೇಗೆ ಕೆಡಿಸುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಬಾಯಿ ಬರಿದೆ ಸವೆದು ದುಂಡಗಾಗುವುದಲ್ಲ, ಸಣ್ಣ ಸಣ್ಣ ಚಕ್ಕೆಗಳಾಗಿ ಉದುರುತ್ತದೆ. ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಕಡೆಯಲ್ಲಿ, ಕೂದಲು ಓರೆಯಾಗಿ ಬಾಗಿ ಒತ್ತಿದಾಗ ಚಕ್ಕೆ ಏಳುತ್ತದೆ ಎಂದು ಅವರು ಕಂಡುಕೊಂಡರು. ಹೊಸ ಬ್ಲೇಡಿನ ಕಣ್ಣಿಗೆ ಕಾಣದ ಭೇದವೇ ಇಷ್ಟು ಕೇಡು ಮಾಡಬಲ್ಲುದಾದರೆ, ತುಕ್ಕು ತೋಡಿದ ಗುಳಿ ಎಷ್ಟು ಕೇಡು ಮಾಡಲಾರದು? ಆದುದರಿಂದ ಬಾಯಿಯಲ್ಲಿರುವ ಗುಳಿಯೊಡನೆ ರಾಜಿ ಸಾಧ್ಯವಿಲ್ಲ.

ಆದರೆ ಉಳಿದ ಗುಳಿಗಳ ಮಾತೇ ಬೇರೆ. ಇಲ್ಲಿ ಒಂದು ಸರಳ ಸತ್ಯವನ್ನು ಅನೇಕರು ಮರೆಯುತ್ತಾರೆ. ಗುಳಿಯೆಂಬುದು ಒಂದು ವಸ್ತುವಲ್ಲ, ವಸ್ತುವಿನ ಅಭಾವ. ಇಲ್ಲದುದನ್ನು ತೆಗೆಯಲು ಯಾರಿಂದಲೂ ಆಗದು. ಗುಳಿಯನ್ನು ತೆಗೆದೆನೆಂದು ಹೇಳುವವನು ನಿಜವಾಗಿ ತೆಗೆದಿರುವುದು ಗುಳಿಯ ಸುತ್ತಲಿದ್ದ ಒಳ್ಳೆಯ ಉಕ್ಕನ್ನು. ಗುಳಿಯ ತಳ ಎಷ್ಟು ಕೆಳಗಿದೆಯೋ ಅಷ್ಟು ಕೆಳಕ್ಕೆ ಇಡೀ ಮೇಲ್ಮೈಯನ್ನು ಇಳಿಸಿದಾಗ ಮಾತ್ರ ಗುಳಿ ಕಾಣದಾಗುತ್ತದೆ. ಊರ ಮುಂದಿನ ಹಳ್ಳವನ್ನು ಇಲ್ಲವಾಗಿಸಲು ಊರನ್ನೇ ಹಳ್ಳದ ಮಟ್ಟಕ್ಕೆ ಅಗೆದಂತಾಯಿತು ಈ ಕೆಲಸ. ಕ್ಷೌರದ ಕತ್ತಿಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಮಸೆಯುವ ಇಳಿಜಾರಿನ ಎರಡೂ ಮೈಗಳಿಂದ 0.05 ಮಿ.ಮೀ. ಉಕ್ಕನ್ನು ಸವೆಸಿದರೆ, 16 ಡಿಗ್ರಿಯ ಕೋನದಲ್ಲಿ ಬಾಯಿ ಅದರ ಏಳು ಪಟ್ಟು, ಎಂದರೆ ಸುಮಾರು 0.36 ಮಿ.ಮೀ. ಹಿಂದಕ್ಕೆ ಸರಿಯುತ್ತದೆ. ಹೋದ ಉಕ್ಕು ಮರಳಿ ಬರುವುದಿಲ್ಲ. ಬಾಯಿಯ ಗುಳಿಗಾಗಿ ಈ ಬೆಲೆಯನ್ನು ತೆರಲೇಬೇಕು. ನಿರುಪದ್ರವಿಯಾದ ಗುಳಿಗಾಗಿ ತೆರುವುದು ದುಂದು.

ಹೊಳಪನ್ನೇ ಗುರಿಯಾಗಿಸಿಕೊಂಡವರು ಇನ್ನೊಂದು ಅಪಾಯಕ್ಕೂ ಒಳಗಾಗುತ್ತಾರೆ. ವಿದ್ಯುತ್ತಿನಿಂದ ತಿರುಗುವ ಉಜ್ಜುಗಾಲಿಗೆ ಕತ್ತಿಯನ್ನು ಹಿಡಿದರೆ ಕ್ಷಣಾರ್ಧದಲ್ಲಿ ಅಲಗು ಫಳಫಳಿಸುತ್ತದೆ. ಆದರೆ ತಿಕ್ಕಾಟದಿಂದ ಹುಟ್ಟಿದ ಶಾಖ ತೆಳುವಾದ ಬಾಯಿಯ ಬಳಿ ಹರಿದು ಹೋಗಲು ದಾರಿ ಕಾಣದೆ ಅಲ್ಲಿಯೇ ನಿಲ್ಲುತ್ತದೆ. ಶಾಖ 200 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿತೆಂದರೆ ಉಕ್ಕಿನ ಹದ ಕೆಡತೊಡಗುತ್ತದೆ. ಮೊದಲು ಒಣಹುಲ್ಲಿನ ಬಣ್ಣ, 300 ಡಿಗ್ರಿಯ ಸುಮಾರಿಗೆ ನೀಲಿ ಬಣ್ಣ ಮೂಡುತ್ತದೆ. ನೀಲಿಗಟ್ಟಿದ ಬಾಯಿಯನ್ನು ಎಷ್ಟು ಮಸೆದರೂ ಹರಿತ ನಿಲ್ಲದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಂಥ ಕತ್ತಿಗೆ ಚೆನ್ನಾಗಿ ಒಪ್ಪುತ್ತದೆ. ಅದರಂತೆಯೇ ಹಿತ್ತಾಳೆಯ ಪಾತ್ರೆಗೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕುವ ಅಭ್ಯಾಸವನ್ನು ಕೆಲವರು ಕತ್ತಿಗೂ ಅನ್ವಯಿಸುತ್ತಾರೆ. ಹುಳಿ ತುಕ್ಕನ್ನು ಕರಗಿಸುತ್ತದೆ, ನಿಜ. ಆದರೆ ತುಕ್ಕು ಮುಗಿದಲ್ಲಿ ಅದು ನಿಲ್ಲುವುದಿಲ್ಲ. ಉಕ್ಕನ್ನೂ ತಿಂದು ಮೈಯನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಹಿತ್ತಾಳೆಯ ಚೊಂಬಿಗೆ ಹಿತವಾದುದು ಹರಿತವಾದ ಉಕ್ಕಿಗೆ ಹಿತವಾಗಬೇಕಿಲ್ಲ.

ಹಾಗಾದರೆ ಅನುಸರಿಸಬೇಕಾದ ಕ್ರಮವೇನು? ಇದು ಬಲ್ಲ ಹಿರಿಯರ ಕೈಯ ಕೆಲಸ. ಆದರೆ ಅದರ ಮರ್ಮವನ್ನು ಯಾರೂ ತಿಳಿಯಬಹುದು. ಮೊದಲು ಕತ್ತಿಗೆ ತಿಳಿಯಾದ ಎಣ್ಣೆಯನ್ನು ಸವರಿ, ಒಂದು ದಿನವಾದರೂ ಬಿಟ್ಟು, ಮೆದುವಾದ ತುಕ್ಕನ್ನು ಬಟ್ಟೆಯಿಂದ ಒರೆಸಬೇಕು. ಅಂಟಿಕೊಂಡ ಗುಪ್ಪೆಗಳನ್ನು ಉಕ್ಕಿಗಿಂತ ಮೃದುವಾದ ಹಿತ್ತಾಳೆ ಅಥವಾ ಬಿದಿರಿನ ಚೂರಿನಿಂದ ಮೆಲ್ಲನೆ ಕೆರೆಯಬೇಕು. ಕೈಯ ಚಲನೆ ಯಾವಾಗಲೂ ಬೆನ್ನಿನಿಂದ ಬಾಯಿಯ ಕಡೆಗೆ ಇರಬೇಕೇ ಹೊರತು ಬಾಯಿಗೆ ಎದುರಾಗಿ ಇರಬಾರದು. ಇಷ್ಟಾದ ಮೇಲೆ ಹತ್ತುಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯನ್ನು ಹಿಡಿದು ಬಾಯಿಯ ಉದ್ದಕ್ಕೂ ಪರೀಕ್ಷಿಸಬೇಕು. ಗುಳಿಗಳು ಬಾಯಿಯನ್ನು ಮುಟ್ಟಿವೆಯೇ, ಮುಟ್ಟದಿದ್ದರೂ ಮಸೆಯುವ ಇಳಿಜಾರಿನೊಳಗೆ ಇವೆಯೇ, ಇಲ್ಲವೇ ಅದರಿಂದಾಚೆ ಅಲಗಿನ ಮೈಮೇಲೆ ಮಾತ್ರ ಇವೆಯೇ ಎಂದು ನೋಡಬೇಕು. ಈ ಮೂರು ವರ್ಗಗಳಲ್ಲಿ ಮೊದಲನೆಯದಕ್ಕೆ ಸಾಣೆ ಅಗತ್ಯ; ಎರಡನೆಯದನ್ನು ಸಾಣೆಯೇ ತೀರ್ಮಾನಿಸಲಿ; ಮೂರನೆಯದನ್ನು ಶುಚಿಗೊಳಿಸಿ ಬಿಟ್ಟುಬಿಡಬೇಕು.

ಮಸೆಯುವ ಕೆಲಸವನ್ನು ಸಾಮಾನ್ಯವಾಗಿ 1000 ಅಂಕದ ಒರಟು ಕಲ್ಲಿನಿಂದ ಪ್ರಾರಂಭಿಸಿ, ನಡುವಿನ ಕಲ್ಲುಗಳನ್ನು ದಾಟಿ, 8000 ಅಥವಾ ಅದಕ್ಕೂ ಮೇಲಿನ ಅಂಕದ ನಯವಾದ ಕಲ್ಲಿನಲ್ಲಿ ಮುಗಿಸುತ್ತಾರೆ. ಬೆಲ್ಜಿಯಂ ದೇಶದ ಆರ್ಡೆನ್ ಸೀಮೆಯಲ್ಲಿ ದೊರೆಯುವ ಕೋಟಿಕ್ಯೂಲ್ ಎಂಬ ಹಳದಿ ಛಾಯೆಯ ನೈಸರ್ಗಿಕ ಕಲ್ಲು ಈ ಕೊನೆಯ ಹಂತಕ್ಕೆ ಬಹುಕಾಲದಿಂದ ಹೆಸರಾಗಿದೆ. ಕಡೆಯಲ್ಲಿ ಚರ್ಮದ ಪಟ್ಟಿಯ ಮೇಲೆ ಸವರಿದಾಗ ಕತ್ತಿ ಸಿದ್ಧವಾಗುತ್ತದೆ. ಗುಳಿಯಿರುವ ಕತ್ತಿಯ ಭವಿಷ್ಯ ನಿರ್ಧಾರವಾಗುವುದು ಮಾತ್ರ ಒರಟು ಕಲ್ಲಿನ ಮೇಲೆಯೇ. ಅಲ್ಲಿ ಬಾಯಿ ಉದ್ದಕ್ಕೂ ಅಖಂಡವಾಗದ ಹೊರತು ನಯವಾದ ಕಲ್ಲಿಗೆ ಹೋಗುವುದು ವ್ಯರ್ಥ ಶ್ರಮ. ಬೇಗ ಮುಗಿಸುವ ಆಸೆಯಿಂದ ಬಲವಾಗಿ ಒತ್ತುವುದೂ ತಪ್ಪು. ಒತ್ತಿದರೆ ತೆಳುವಾದ ಅಲಗು ಬಾಗಿ, ದುರ್ಬಲವಾದ ಬಾಯಿ ಇನ್ನಷ್ಟು ಉದುರುತ್ತದೆ. ಬಹಳಷ್ಟು ಉಕ್ಕನ್ನು ತೆಗೆಯಬೇಕಾಗಿ ಬಂದಾಗ, ಬೆನ್ನು ವೃಥಾ ಸವೆಯದಂತೆ ಅದಕ್ಕೆ ತೆಳುವಾದ ಅಂಟುಪಟ್ಟಿಯನ್ನು ಹಚ್ಚುವವರಿದ್ದಾರೆ. ಅದರಿಂದ ಕೋನ ಒಂದು ಡಿಗ್ರಿಯಷ್ಟು ಹೆಚ್ಚಬಹುದು. ಬೆನ್ನು ಚಪ್ಪಟೆಯಾಗುವುದಕ್ಕಿಂತ ಅದು ಮೇಲು.

ಕಲ್ಲಿನ ಮೇಲೆ ಕತ್ತಿ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ಮಸೆದಂತೆಲ್ಲ ಬಾಯಿಯ ಕಚ್ಚುಗಳು ಕುಗ್ಗಿ ಮಾಯವಾದರೆ ಉಕ್ಕು ಆರೋಗ್ಯವಾಗಿದೆಯೆಂದು ತಿಳಿಯಬೇಕು. ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಚಕ್ಕೆ ಎದ್ದರೆ ಅಲ್ಲಿ ಗುಳಿಯ ತಳ ಇನ್ನೂ ಆಳದಲ್ಲಿದೆ. ಬಾಯಿಯನ್ನು ಮತ್ತಷ್ಟು ಹಿಂದಕ್ಕೆ ತರಬೇಕು. ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಉದುರುತ್ತ, ಹೊಸ ಹೊಸ ಕಚ್ಚುಗಳು ಹುಟ್ಟುತ್ತಲೇ ಇದ್ದರೆ ತುಕ್ಕು ಬಾಯಿಯ ಉದ್ದಕ್ಕೂ ಒಳಹೊಕ್ಕಿದೆಯೆಂದೇ ಅರ್ಥ. ಆಗ ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಅಂಥ ಕತ್ತಿಯನ್ನು ಹಿರಿಯರ ನೆನಪಿಗೆಂದು ಎಣ್ಣೆ ಸವರಿ ಇಟ್ಟುಕೊಳ್ಳಬಹುದು. ಯಾರ ಮುಖದ ಮೇಲೂ ಅದನ್ನು ಇಡಬಾರದು. ಮಮತೆ ಎಷ್ಟೇ ಇರಲಿ, ಕೊರಳಿಗಿಂತ ಕತ್ತಿ ದೊಡ್ಡದಲ್ಲ.

ಈ ವಾದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಉಳಿದ ಗುಳಿಗಳಲ್ಲಿ ಕೊಳೆ ಸೇರಿ ರೋಗ ತರುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ತುಕ್ಕಿನ ಗಾಯವೆಂದರೆ ಧನುರ್ವಾಯು ಎಂಬ ಭಯವೂ ಜನರಲ್ಲಿ ಬೇರೂರಿದೆ. ಧನುರ್ವಾಯುವನ್ನು ತರುವುದು ತುಕ್ಕಲ್ಲ. ಮಣ್ಣು, ಸಗಣಿ, ಧೂಳುಗಳಲ್ಲಿ ಇರುವ ಒಂದು ಬಗೆಯ ಬ್ಯಾಕ್ಟೀರಿಯ. ಅದು ತುಕ್ಕಿಲ್ಲದ ಮೊಳೆಯ ಮೇಲೂ ಇರಬಹುದು. ಆದರೂ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಒರಟಾದ ಮೈಯನ್ನು ಶುಚಿಗೊಳಿಸುವುದು ನಯವಾದ ಮೈಗಿಂತ ಕಷ್ಟ. ಆದುದರಿಂದಲೇ ಇಂಥ ಕತ್ತಿ ಒಬ್ಬನೇ ವ್ಯಕ್ತಿಯ ಸ್ವಂತ ಬಳಕೆಗೆ ಮೀಸಲಾಗಿರಬೇಕು. ಹಲವರಿಗೆ ಬಳಸುವ ಅಂಗಡಿಗೆ ಅದು ತಕ್ಕದ್ದಲ್ಲ. ಧನುರ್ವಾಯುವಿನ ಲಸಿಕೆಯಂತೂ ತುಕ್ಕಿನ ಮಾತಿರಲಿ, ಎಲ್ಲರೂ ಕಾಲಕಾಲಕ್ಕೆ ಪಡೆಯಬೇಕಾದದ್ದೇ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಸೂಕ್ಷ್ಮವಾದುದು. ಬಾಯಿ ವರ್ಷವರ್ಷವೂ ಮಸೆಯುತ್ತ ಹಿಂದೆ ಸರಿಯುವುದರಿಂದ, ಇಂದು ಬಿಟ್ಟ ಗುಳಿ ನಾಳೆ ಬಾಯಿಗೆ ಬರುವುದಿಲ್ಲವೇ? ಬರಬಹುದು. ಆದರೆ ಚೆನ್ನಾಗಿ ಕಾಪಾಡಿದ ಕತ್ತಿ ಬಹುಕಾಲ ಚರ್ಮದ ಪಟ್ಟಿಯ ಮೇಲೆಯೇ ಹರಿತವನ್ನು ಮರಳಿ ಪಡೆಯುತ್ತದೆ. ಆಗೊಮ್ಮೆ ಈಗೊಮ್ಮೆ ನಯವಾದ ಕಲ್ಲಿಗೆ ಹಿಡಿದಾಗ ಸವೆಯುವ ಉಕ್ಕು ಅತ್ಯಲ್ಪ. ಬಾಯಿಯಿಂದ ಎರಡು ಮೂರು ಮಿ.ಮೀ. ಹಿಂದಿರುವ ಗುಳಿ ಬಾಯಿಯನ್ನು ತಲಪುವ ವೇಳೆಗೆ ಆ ಕತ್ತಿ ಒಬ್ಬನ ಆಯುಷ್ಯಕ್ಕೆ ಸಾಲುವಷ್ಟು ಸೇವೆಯನ್ನು ಸಲ್ಲಿಸಿರುತ್ತದೆ. ಮುಂದೆಂದೋ ಬರಬಹುದಾದ ಗುಳಿಗಾಗಿ ಇಂದೇ ಎರಡು ಮಿ.ಮೀ. ಉಕ್ಕನ್ನು ಬಲಿಗೊಡುವುದು, ನಾಳೆ ಖರ್ಚಾದೀತೆಂದು ಇಂದೇ ಹಣವನ್ನು ಹೊಳೆಗೆ ಎಸೆದಂತೆ.

ನಿಜವಾದ ಜಾಗರೂಕತೆ ಇರಬೇಕಾದದ್ದು ಸಾಣೆಯಲ್ಲಲ್ಲ, ದಿನದ ಆರೈಕೆಯಲ್ಲಿ. ಬಳಸಿದ ಕತ್ತಿಯನ್ನು ತಿಳಿನೀರಿನಲ್ಲಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಬಿಚ್ಚಿಯೇ ಇಟ್ಟು ಆರಿದ ಬಳಿಕ ಮಡಚಬೇಕು. ಬಹಳ ದಿನ ಬಳಸದೆ ಇಡುವುದಾದರೆ ಹೊಲಿಗೆ ಯಂತ್ರಕ್ಕೆ ಹಾಕುವಂಥ ತಿಳಿಯಾದ ಎಣ್ಣೆಯನ್ನು ತೆಳುವಾಗಿ ಸವರಬೇಕು. ಅಡುಗೆಯ ಎಣ್ಣೆಗಳು ದಿನ ಕಳೆದಂತೆ ಅಂಟಾಗುತ್ತವೆ, ಹಳಸುತ್ತವೆ. ಕರಾವಳಿಯ ಉಪ್ಪುಗಾಳಿಯಲ್ಲಿಯೂ ಮಲೆನಾಡಿನ ಮಳೆಗಾಲದಲ್ಲಿಯೂ ಈ ಎಚ್ಚರ ಇಮ್ಮಡಿಯಾಗಬೇಕು. ಎರಡು ನಿಮಿಷದ ಈ ಆರೈಕೆ ಗಂಟೆಗಟ್ಟಲೆಯ ಮಸೆತವನ್ನು ಉಳಿಸುತ್ತದೆ.

ಕೆಲಸ ಬಲ್ಲವನಿಗೂ ಬಲ್ಲೆನೆಂದುಕೊಂಡವನಿಗೂ ಇರುವ ವ್ಯತ್ಯಾಸ ಕೈಯ ವೇಗದಲ್ಲಿ ಕಾಣುವುದಿಲ್ಲ. ಎಲ್ಲಿ ನಿಲ್ಲಿಸುತ್ತಾನೆ ಎಂಬುದರಲ್ಲಿ ಕಾಣುತ್ತದೆ. ಬಾಯಿ ಅಖಂಡವಾಗಿ, ಅಲಗಿನ ಮೈಮೇಲೆ ನಾಲ್ಕು ಕಪ್ಪು ಚುಕ್ಕೆಗಳನ್ನು ಉಳಿಸಿಕೊಂಡ ಕತ್ತಿ ನೋಟಕ್ಕೆ ಹಳೆಯದು, ಕೆಲಸಕ್ಕೆ ಹೊಸದು. ಮೈಯೆಲ್ಲ ಕನ್ನಡಿಯಾಗಿ, ಬೆನ್ನು ಸವೆದು, ಹದ ಕೆಟ್ಟ ಕತ್ತಿ ನೋಟಕ್ಕೆ ಹೊಸದು, ಕೆಲಸಕ್ಕೆ ಸಲ್ಲದು. ಶತಮಾನದ ಹಿಂದೆ ಯಾವುದೋ ಊರಿನ ಕುಶಲಿಯೊಬ್ಬನು ಕಾಯಿಸಿ, ತಣಿಸಿ, ಹದಗೊಳಿಸಿ ಕೊಟ್ಟ ಉಕ್ಕು ಇಂದಿನವನ ಕೈಯಲ್ಲಿದೆ. ಅದರಲ್ಲಿ ತುಕ್ಕು ತನ್ನ ಪಾಲನ್ನು ಈಗಾಗಲೇ ತಿಂದಾಗಿದೆ. ಉಳಿದುದರಲ್ಲಿ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಕಲ್ಲಿಗೆ ಕೊಟ್ಟು, ಮಿಕ್ಕುದನ್ನು ಮುಂದಿನವನಿಗೆ ಉಳಿಸುವುದು ಮಸೆಯುವವನ ಕರ್ತವ್ಯ.